ಭರಣಿ ಮತ್ತು ಕೋಲು: ಮನೆಯ ದ್ರಾಕ್ಷಾರಸದ ಒಂದು ಚರಿತ್ರೆ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಸ್ಮರಣ ಸಂಚಿಕೆಯಲ್ಲಿ ಗೋಪುರ ಎದ್ದ ಬಗೆ, ಗಂಟೆ ಬಂದ ಬಗೆ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ಕನ್ಯಾಸ್ತ್ರೀಯರ ಶಾಲೆಯ ವೃತ್ತಾಂತ ಇವೆಲ್ಲವೂ ಸ್ಥಾನ ಪಡೆಯುವುದು ನ್ಯಾಯವೇ ಸರಿ. ಆದರೆ ಧರ್ಮಕೇಂದ್ರದ ಚರಿತ್ರೆಯು ಕಲ್ಲುಗಾರೆಗಳಲ್ಲಿ ಮಾತ್ರ ಅಡಗಿರುವುದಿಲ್ಲ. ಭಕ್ತಾದಿಗಳ ಮನೆಮನೆಯ ಅಡುಗೆಕೋಣೆಯೂ ಅದರ ಒಂದು ಅಧ್ಯಾಯವೇ. ಕ್ರಿಸ್ತಜಯಂತಿಯ ಮುನ್ನ ಭರಣಿಯಲ್ಲಿ ದ್ರಾಕ್ಷಿಯನ್ನು ಹುದುಗಲಿಟ್ಟು, ದಿನವೂ ಅದನ್ನು ಕಲಕಿ, ಸೋಸಿ, ತಿಳಿಗೊಳಿಸಿ, ಹಬ್ಬದ ದಿನ ಬಂಧುಬಾಂಧವರಿಗೆ ಪುಟ್ಟ ಲೋಟದಲ್ಲಿ ನೀಡುವ ಸಂಪ್ರದಾಯ ಬೆಂಗಳೂರಿನ ಕಥೋಲಿಕ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಈ ಸಂಪ್ರದಾಯದ ಒಂದು ಅತಿ ಚಿಕ್ಕ ಅಂಗವನ್ನು, ಅಂದರೆ ರಸವನ್ನು ಕಲಕುವ ಕೋಲನ್ನು ಮತ್ತು ಆ ಕೋಲಿನಿಂದ ರಸದೊಳಗಿನ ವಾಯುವನ್ನು ಬಿಡಿಸುವ ಕ್ರಮವನ್ನು, ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದು ಕ್ಷುಲ್ಲಕ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಹುದುಗು ನಿಲ್ಲುವ ಮೊದಲೇ ಬಿರಡೆ ಹಾಕಿದ ಸೀಸೆಯು ಸಿಡಿದಾಗ ಗಾಜಿನ ಚೂರು ಕಣ್ಣಿಗೂ ಕೈಗೂ ತಗಲುವ ಅಪಾಯವಿದೆಯೆಂಬುದನ್ನು ನೆನೆದರೆ ವಿಷಯದ ಗಾಂಭೀರ್ಯ ಅರಿವಾಗುತ್ತದೆ. ನಮ್ಮ ಹಿರಿಯ ಗೃಹಿಣಿಯರು ಹೆಸರು ಹೇಳದೆಯೇ ಪಾಲಿಸುತ್ತಿದ್ದ ಈ ಕ್ರಮದ ಕಾರಣವನ್ನು ಕಿರಿಯರು ತಿಳಿಯದೆ ಹೋದರೆ ಪಾಕದ ಚೀಟಿ ಮಾತ್ರ ಉಳಿದು ವಿವೇಕ ಅಳಿದುಹೋಗುತ್ತದೆ.

ಪವಿತ್ರ ಗ್ರಂಥದ ಸಾಕ್ಷ್ಯ

ಹುದುಗುವ ದ್ರಾಕ್ಷಾರಸದಿಂದ ವಾಯು ಹೊರಹೊಮ್ಮುವುದೆಂಬುದನ್ನು ಪುರಾತನರು ಚೆನ್ನಾಗಿ ಬಲ್ಲವರಾಗಿದ್ದರು. ಹೊಸ ರಸವನ್ನು ಹಳೆಯ ಚರ್ಮದ ಬುದ್ದಲಿಯಲ್ಲಿ ತುಂಬಬಾರದೆಂಬ ಪ್ರಭು ಯೇಸುವಿನ ಸಾಮತಿಯನ್ನು ಮತ್ತಾಯ, ಮಾರ್ಕ, ಲೂಕ ಮೂವರೂ ದಾಖಲಿಸಿದ್ದಾರೆ. ಹಿಗ್ಗುವ ಶಕ್ತಿ ಕಳೆದುಕೊಂಡ ಹಳೆಯ ಚರ್ಮವು ಒಳಗಿನ ಒತ್ತಡವನ್ನು ತಾಳಲಾರದೆ ಬಿರಿಯುತ್ತದೆ. ರಸವೂ ನಷ್ಟ, ಬುದ್ದಲಿಯೂ ನಷ್ಟ. ಆ ಸಾಮತಿಯನ್ನು ಕೇಳಿದ ಜನರಿಗೆ ಇದು ಪ್ರತಿ ವರ್ಷ ಕಣ್ಣಾರೆ ಕಂಡ ಸಂಗತಿಯಾಗಿತ್ತು. ಆದ್ದರಿಂದಲೇ ಉಪಮೆ ಅವರ ಹೃದಯಕ್ಕೆ ನೇರವಾಗಿ ನಾಟಿತು. ಯೋಬನ ಗ್ರಂಥದ ೩೨ನೆಯ ಅಧ್ಯಾಯದಲ್ಲಿ ಎಲೀಹು ಎಂಬ ತರುಣನು, ಮಾತನಾಡದೆ ತಡೆದುಕೊಂಡ ತನ್ನ ಅಂತರಂಗವನ್ನು ಬಾಯಿ ಬಿಗಿದ ಹೊಸ ದ್ರಾಕ್ಷಾರಸಕ್ಕೆ ಹೋಲಿಸುತ್ತಾನೆ. ವಾಯುವಿಗೆ ದಾರಿ ಬೇಕೆಂಬ ಅರಿವು ಅಷ್ಟು ಪುರಾತನವಾದುದು.

ಪವಿತ್ರ ನಾಡಿನ ಉತ್ತರಕ್ಕಿರುವ ಜಾರ್ಜಿಯಾ ದೇಶದಲ್ಲಿ ಕ್ರಿ.ಪೂ. ೬೦೦೦ರ ಸುಮಾರಿನಷ್ಟು ಹಳೆಯ ಮಡಕೆಗಳಲ್ಲಿ ದ್ರಾಕ್ಷಾರಸದ ಕುರುಹುಗಳು ಸಿಕ್ಕಿವೆ. ಅಲ್ಲಿ ಇಂದಿಗೂ ಮೊಟ್ಟೆಯಾಕಾರದ ದೊಡ್ಡ ಮಣ್ಣಿನ ಹಂಡೆಗಳನ್ನು ನೆಲದಲ್ಲಿ ಹೂತು, ಅವುಗಳಲ್ಲಿ ಸಿಪ್ಪೆಸಹಿತ ದ್ರಾಕ್ಷಿಯನ್ನು ಹುದುಗಿಸುತ್ತಾರೆ. ‘ಕ್ವೆವ್ರಿ’ ಎಂಬ ಹೆಸರಿನ ಈ ಹಂಡೆಯ ಪದ್ಧತಿಯನ್ನು ೨೦೧೩ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಹುದುಗುವ ದಿನಗಳಲ್ಲಿ ಮೇಲೆ ತೇಲಿಬರುವ ಸಿಪ್ಪೆಯನ್ನು ಉದ್ದನೆಯ ಮರದ ಕೋಲಿನಿಂದ ದಿನಕ್ಕೆ ಹಲವು ಬಾರಿ ಕೆಳಕ್ಕೆ ಒತ್ತುವುದು ಅಲ್ಲಿನ ಪದ್ಧತಿ. ನಮ್ಮ ಮನೆಗಳ ಪಿಂಗಾಣಿ ಭರಣಿಯೂ ಮರದ ಸೌಟೂ ಆ ಪುರಾತನ ಹಂಡೆ ಕೋಲುಗಳ ದೂರದ ಬಂಧುಗಳೆನ್ನಬಹುದು.

ಮಠದ ಉಗ್ರಾಣದಿಂದ ಪ್ರಯೋಗಶಾಲೆಗೆ

ದ್ರಾಕ್ಷಾರಸದೊಳಗಿನ ವಾಯುವಿನ ವಿಷಯ ಬಂದಾಗ ಫ್ರಾನ್ಸ್ ದೇಶದ ಶಾಂಪೇನ್ ಪ್ರಾಂತದ ಬೆನೆಡಿಕ್ಟೀನ್ ಸಂನ್ಯಾಸಿ ದೊಂ ಪಿಯೇರ್ ಪೆರಿನ್ಯೋ ಅವರನ್ನು ನೆನೆಯದಿರಲಾಗದು. ಅವರು ೧೬೬೮ರಿಂದ ೧೭೧೫ರಲ್ಲಿ ನಿಧನರಾಗುವವರೆಗೆ ಓವಿಲೇ ಮಠದ ಉಗ್ರಾಣದ ಅಧಿಕಾರಿಗಳಾಗಿದ್ದರು. ನೊರೆಯುಕ್ಕುವ ಶಾಂಪೇನ್ ಮದ್ಯವನ್ನು ಕಂಡುಹಿಡಿದವರು ಇವರೇ ಎಂಬ ಕಥೆ ಲೋಕಪ್ರಸಿದ್ಧವಾಗಿದೆ. ವಾಸ್ತವಾಂಶ ಇದಕ್ಕೆ ವಿರುದ್ಧವಾದುದು. ಆ ಚಳಿಯ ನಾಡಿನಲ್ಲಿ ಶರತ್ಕಾಲದಲ್ಲಿ ನಿಂತುಹೋದ ಹುದುಗು ವಸಂತಕಾಲದ ಬಿಸಿಲು ಬಂದೊಡನೆ ಮರಳಿ ಜೀವ ತಳೆದು ರಸದಲ್ಲಿ ಗುಳ್ಳೆಗಳನ್ನೆಬ್ಬಿಸುತ್ತಿತ್ತು. ಆ ಕಾಲದಲ್ಲಿ ಅದನ್ನು ದೋಷವೆಂದೇ ಎಣಿಸುತ್ತಿದ್ದರು. ಪೆರಿನ್ಯೋ ಅವರು ಶ್ರಮಿಸಿದ್ದು ಗುಳ್ಳೆಯಿಲ್ಲದ, ನಿಶ್ಚಲವಾದ, ತಿಳಿಯಾದ ರಸವನ್ನು ಪಡೆಯುವುದಕ್ಕಾಗಿ. ಮುಂದೆ ಗುಳ್ಳೆಯೇ ಜನರಿಗೆ ಪ್ರಿಯವಾದಾಗ ಅಲ್ಲಿನ ಉಗ್ರಾಣಗಳಲ್ಲಿ ಸೀಸೆಗಳು ಒಂದರ ಹಿಂದೊಂದು ಸಿಡಿಯುವುದು ಸಾಮಾನ್ಯವಾಯಿತು. ಕೆಲಸಗಾರರು ಮುಖಕ್ಕೆ ಕಬ್ಬಿಣದ ಕವಚ ತೊಡಬೇಕಾಯಿತು.

ಈ ವಾಯು ಯಾವುದೆಂಬ ಪ್ರಶ್ನೆಗೆ ಉತ್ತರ ದೊರೆಯಲು ಮತ್ತಷ್ಟು ಕಾಲ ಹಿಡಿಯಿತು. ಇಂಗ್ಲೆಂಡಿನ ಧರ್ಮೋಪದೇಶಕ ಜೋಸೆಫ್ ಪ್ರೀಸ್ಟ್ಲಿ ಲೀಡ್ಸ್ ನಗರದಲ್ಲಿ ತಮ್ಮ ನೆರೆಯಲ್ಲಿದ್ದ ಬಿಯರ್ ತಯಾರಿಕೆಯ ತೊಟ್ಟಿಗಳ ಮೇಲೆ ನಿಲ್ಲುವ ವಾಯುವನ್ನು ಪರೀಕ್ಷಿಸಿ, ಅದನ್ನು ನೀರಿನಲ್ಲಿ ಕರಗಿಸುವ ವಿಧಾನವನ್ನು ೧೭೭೨ರಲ್ಲಿ ಪ್ರಕಟಿಸಿದರು. ಅದೇ ಇಂಗಾಲಾಮ್ಲ ವಾಯು. ಇಂದಿನ ಸೋಡಾ ನೀರಿಗೂ ಮೂಲ. ೧೮೦೩ರಲ್ಲಿ ವಿಲಿಯಂ ಹೆನ್ರಿ ಎಂಬ ವಿಜ್ಞಾನಿಯು, ದ್ರವದಲ್ಲಿ ಕರಗುವ ವಾಯುವಿನ ಪ್ರಮಾಣವು ಅದರ ಮೇಲಿನ ಒತ್ತಡಕ್ಕೆ ಅನುಸಾರವಾಗಿರುತ್ತದೆಂಬ ನಿಯಮವನ್ನು ಸ್ಥಾಪಿಸಿದರು. ಹುದುಗುವಿಕೆಯು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕಾರ್ಯವೆಂದು ಲೂಯಿ ಪಾಶ್ಚರ್ ಅವರು ಸಿದ್ಧಪಡಿಸಿ, ೧೮೬೬ರಲ್ಲಿ ದ್ರಾಕ್ಷಾರಸದ ರೋಗಗಳನ್ನು ಕುರಿತೇ ಗ್ರಂಥವೊಂದನ್ನು ಹೊರತಂದರು. ಯೀಸ್ಟ್ ಸಕ್ಕರೆಯನ್ನು ತಿಂದು ಒಂದು ಪಾಲು ಮದ್ಯಸಾರವನ್ನೂ ಹೆಚ್ಚುಕಡಿಮೆ ಅಷ್ಟೇ ತೂಕದ ಇಂಗಾಲಾಮ್ಲ ವಾಯುವನ್ನೂ ನೀಡುತ್ತದೆ. ಲೆಕ್ಕ ಹಾಕಿದರೆ, ಒಂದು ಕಿಲೋಗ್ರಾಂ ಸಕ್ಕರೆ ಪೂರ್ಣವಾಗಿ ಹುದುಗಿದಾಗ ಹೊರಡುವ ವಾಯು ಸುಮಾರು ೨೫೦ ಲೀಟರಿನಷ್ಟಾಗುತ್ತದೆ.

ಬೆಂಗಳೂರಿನ ನೀಲಿ ದ್ರಾಕ್ಷಿ

ಯುರೋಪಿನಿಂದ ಈಗ ನಮ್ಮ ನೆಲಕ್ಕೆ ಬರೋಣ. ಇಲ್ಲಿ ಹಬ್ಬದ ಭರಣಿಯನ್ನು ತುಂಬುವುದು ‘ಬೆಂಗಳೂರು ನೀಲಿ’ ಎಂದು ಹೆಸರಾದ ಕಪ್ಪು ದ್ರಾಕ್ಷಿ. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಸೀಮೆಗಳ ಕೆಮ್ಮಣ್ಣಿನಲ್ಲಿ ವರ್ಷಕ್ಕೆ ಎರಡು ಫಸಲು ಕೊಡುವ ಈ ತಳಿಗೆ ೨೦೧೩ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇದರಲ್ಲಿ ಹರಿಯುತ್ತಿರುವುದರಿಂದ ಇದರ ದಪ್ಪ ಸಿಪ್ಪೆ ಅದುಮಿದೊಡನೆ ತಿರುಳಿನಿಂದ ಜಾರಿಕೊಳ್ಳುತ್ತದೆ, ತಿರುಳು ಲೋಳೆಯಾಗಿರುತ್ತದೆ, ಪರಿಮಳ ತೀಕ್ಷ್ಣವಾಗಿರುತ್ತದೆ.

ದಕ್ಷಿಣ ಬೆಂಗಳೂರಿಗೂ ದ್ರಾಕ್ಷಿಗೂ ಇರುವ ಮತ್ತೊಂದು ನಂಟನ್ನು ಇಲ್ಲಿ ಸ್ಮರಿಸಬೇಕು. ೧೯೫೯ರಲ್ಲಿ ತೋಟಗಾರಿಕೆಯ ಧುರೀಣ ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣ ಸಹಕಾರ ಸಂಘವೊಂದು ಸ್ಥಾಪಿತವಾಯಿತು. ಲಾಲ್‌ಬಾಗಿನ ಆಸರೆಯಲ್ಲಿ ಬೆಳೆದ ಆ ಸಂಘವೇ ಮುಂದೆ ಎಲ್ಲ ಹಣ್ಣು ತರಕಾರಿಗಳಿಗೂ ವಿಸ್ತರಿಸಿ ‘ಹಾಪ್‌ಕಾಮ್ಸ್’ ಎಂಬ ಹೆಸರಿನಿಂದ ಮನೆಮಾತಾಯಿತು. ಹೆಸರಘಟ್ಟದಲ್ಲಿ ೧೯೬೭ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದೇ ಬೆಂಗಳೂರು ನೀಲಿಯನ್ನು ಬೇರೆ ತಳಿಗಳೊಡನೆ ಕೂಡಿಸಿ ‘ಅರ್ಕಾ ಶ್ಯಾಮ್’, ‘ಅರ್ಕಾ ಹಂಸ್’ ಮೊದಲಾದ ಹೊಸ ತಳಿಗಳನ್ನು ನೀಡಿತು.

ನಮ್ಮ ಈ ಭಾಗದ ನಗರ ಬೆಳೆದದ್ದೂ ಇದೇ ಅವಧಿಯಲ್ಲಿ. ಜಯನಗರಕ್ಕೆ ಅಸ್ತಿಭಾರ ಬಿದ್ದದ್ದು ೧೯೪೮ರಲ್ಲಿ. ಅದಕ್ಕೂ ಹಿಂದೆ ಇಲ್ಲಿ ಬೈರಸಂದ್ರ, ಯಡಿಯೂರು, ಸಾರಕ್ಕಿ, ತಾವರೆಕೆರೆ, ಮಡಿವಾಳಗಳೆಂಬ ಗ್ರಾಮಗಳೂ ಹೊಲಗದ್ದೆಗಳೂ ಇದ್ದುವು. ಬಡಾವಣೆಗಳು ಒಂದೊಂದಾಗಿ ತಲೆಯೆತ್ತಿದಂತೆ ದಂಡುಪ್ರದೇಶದ ಆಂಗ್ಲೋ-ಇಂಡಿಯನ್ ಮತ್ತು ತಮಿಳು ಕುಟುಂಬಗಳು, ಮಂಗಳೂರಿನ ಕೊಂಕಣಿಗರು, ಗೋವೆಯವರು, ಕೇರಳದವರು, ಹಳ್ಳಿಗಾಡಿನ ಕನ್ನಡ ಕಥೋಲಿಕರು ನೆರೆಹೊರೆಯವರಾದರು. ಮಂಗಳೂರಿನವರ ಕುಸ್ವಾರ್ ತಟ್ಟೆಯೂ ಆಂಗ್ಲೋ-ಇಂಡಿಯನ್ನರ ಕೇಕೂ ಮನೆಯಿಂದ ಮನೆಗೆ ನಡೆದಂತೆ ದ್ರಾಕ್ಷಾರಸದ ಪಾಕವೂ ನಡೆಯಿತು. ಒಂದು ಮನೆಯಲ್ಲಿ ಲವಂಗ ಚಕ್ಕೆ, ಇನ್ನೊಂದರಲ್ಲಿ ಒಂದು ಹಿಡಿ ಗೋಧಿ, ಮತ್ತೊಂದರಲ್ಲಿ ಸುಟ್ಟ ಸಕ್ಕರೆ. ಆದರೆ ‘ಇಪ್ಪತ್ತೊಂದು ದಿನ ಮರದ ಸೌಟಿನಿಂದ ದಿನವೂ ಕಲಕಿ, ಸೋಸಿ, ಮತ್ತೆ ಇಪ್ಪತ್ತೊಂದು ದಿನ ಇಡಬೇಕು’ ಎಂಬ ವಿಧಿಯು ಅನೇಕ ಮನೆಗಳಿಗೆ ಸಾಮಾನ್ಯವಾಗಿತ್ತು. ನವೆಂಬರ್ ೨ರ ಸಕಲ ಆತ್ಮರ ದಿನದಂದು ಇಟ್ಟ ಭರಣಿಯನ್ನು ನವೆಂಬರ್ ೨೩ರಂದು ಸೋಸಿದರೆ ಡಿಸೆಂಬರ್ ೧೪ಕ್ಕೆ ಎರಡನೆಯ ಅವಧಿ ಮುಗಿಯುತ್ತದೆ. ಹಬ್ಬಕ್ಕೆ ಇನ್ನೂ ಹನ್ನೊಂದು ದಿನ ಉಳಿದಿರುತ್ತದೆ.

ಅಡುಗೆಮನೆಯ ಕೋಲುಗಳು

ಹೀಗೆ ಕಲಕುವುದಕ್ಕೆ ನಮ್ಮ ಮನೆಗಳಲ್ಲಿ ಪ್ರತ್ಯೇಕ ಸಾಧನವೆಂಬುದು ಇರಲಿಲ್ಲ; ಅಡುಗೆಮನೆಯಲ್ಲಿ ಇದ್ದುದನ್ನೇ ಬಳಸಬೇಕಾಗಿತ್ತು. ಆ ಸಾಧನಗಳ ಗುಣದೋಷಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ಮರದ ಸೌಟು. ಮರಕ್ಕೆ ಎರಡು ಗುಣಗಳಿವೆ. ಗಾಜಿನ ಜಾಡಿಯ ತಳಕ್ಕೆ ತಾಗಿದರೂ ಅದನ್ನು ಒಡೆಯುವುದಿಲ್ಲ. ಅದರ ಮೈಯಲ್ಲಿರುವ ಸೂಕ್ಷ್ಮ ರಂಧ್ರಗಳಲ್ಲಿ ಗುಳ್ಳೆಗಳು ಸುಲಭವಾಗಿ ಹುಟ್ಟುವುದರಿಂದ ಕರಗಿದ ವಾಯು ಬೇಗ ಬಿಡುಗಡೆಯಾಗುತ್ತದೆ. ನುಣುಪಾದ ಉಕ್ಕಿನ ಚಮಚಕ್ಕಿಂತ ಒಣ ಮರದ ಸೌಟನ್ನು ಇಳಿಸಿದಾಗ ನೊರೆ ಹೆಚ್ಚಾಗಿ ಏಳುವುದು ಈ ಕಾರಣದಿಂದಲೇ. ಆದರೆ ಗುಳ್ಳೆಗೆ ಆಶ್ರಯವಾದ ಆ ರಂಧ್ರಗಳೇ ಕೊಳೆಗೂ ಬೂಷ್ಟಿಗೂ ರಸವನ್ನು ಹುಳಿಯಾಗಿಸುವ ಸೂಕ್ಷ್ಮಜೀವಿಗಳಿಗೂ ಆಶ್ರಯವಾಗುತ್ತವೆ. ಸಾರು ಪಲ್ಯಗಳಿಗೆ ಬಳಸಿದ ಸೌಟಿನಲ್ಲಿ ಎಣ್ಣೆಯೂ ಮಸಾಲೆಯ ವಾಸನೆಯೂ ಅಡಗಿರುತ್ತವೆ. ಆದ್ದರಿಂದ ದ್ರಾಕ್ಷಾರಸಕ್ಕೆಂದೇ ಒಂದು ಸೌಟನ್ನು ಮೀಸಲಿಡುವುದು ಅವಶ್ಯ. ವಾಸನೆ, ಅಂಟು, ಬಣ್ಣ ಬಿಡದ ಗಟ್ಟಿಮರದ್ದಾಗಿರಬೇಕು, ಬಿರುಕಿರಬಾರದು, ಬಣ್ಣ, ಮೆರುಗೆಣ್ಣೆ ಬಳಿದಿರಬಾರದು. ಬಳಸುವ ಮುನ್ನ ಹತ್ತು ನಿಮಿಷ ಕುದಿಸಿ, ಬಳಸಿದ ಮೇಲೆ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು.

ಎರಡನೆಯದು ಮುದ್ದೆಕೋಲು. ರಾಗಿಹಿಟ್ಟನ್ನು ತೊಳಸುವ ಈ ಕೋಲು ಉದ್ದವಾಗಿಯೂ ಗುಂಡಾಗಿಯೂ ಬಲವಾಗಿಯೂ ಇರುವುದರಿಂದ ಎತ್ತರದ ಭರಣಿಯ ತಳವನ್ನು ಮುಟ್ಟುತ್ತದೆ. ಮೇಲೆ ತೇಲುವ ಸಿಪ್ಪೆಯನ್ನು ಅದುಮಲು ಇದಕ್ಕಿಂತ ಒಳ್ಳೆಯ ಸಾಧನ ಸಿಗದು. ಆದರೆ ಅಗಲವಾದ ತುದಿ ಇಲ್ಲದ ಕಾರಣ ಸೋಸಿದ ರಸದಿಂದ ವಾಯು ಬಿಡಿಸುವಾಗ ನೀರಿನಲ್ಲಿ ಗೆರೆ ಎಳೆದಂತಾಗುತ್ತದೆಯೇ ಹೊರತು ರಸವು ಪೂರ್ಣವಾಗಿ ಅಲುಗಾಡುವುದಿಲ್ಲ. ರಾಗಿಯ ಹಿಟ್ಟು ಮೆತ್ತಿದ ಕೋಲನ್ನೇ ಅದ್ದಿದರೆ ರಸ ಮಸಕಾಗುವುದೂ ಉಂಟು.

ಮೂರನೆಯದು ಮಜ್ಜಿಗೆಯ ಕಡಗೋಲು. ನೋಡುವುದಕ್ಕೆ ಇದೇ ಅತ್ಯುತ್ತಮವೆಂದು ತೋರುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು. ಕಡಗೋಲಿನ ಧರ್ಮವೇ ಬೇರೆ. ಮೊಸರನ್ನು ರಭಸದಿಂದ ಮಥಿಸಿ, ಹೊರಗಿನ ಗಾಳಿಯನ್ನು ಒಳಸೆಳೆದು, ಜಿಡ್ಡನ್ನು ಒಗ್ಗೂಡಿಸಿ ಬೆಣ್ಣೆ ತೆಗೆಯುವುದಕ್ಕಾಗಿ ಅದರ ತಲೆಯನ್ನು ಹೂವಿನಂತೆ ಕೆತ್ತಿರುತ್ತಾರೆ. ದ್ರಾಕ್ಷಾರಸಕ್ಕೆ ಬೇಕಾದುದು ಒಳಗಿನ ವಾಯು ಹೊರಹೋಗುವುದು. ಹೊರಗಿನ ಗಾಳಿ ಒಳಬರುವುದಲ್ಲ. ಹುದುಗು ಮುಗಿದ ರಸಕ್ಕೆ ಗಾಳಿಯ ಆಮ್ಲಜನಕ ಸೇರಿದರೆ ಬಣ್ಣ ಕಂದಾಗುತ್ತದೆ, ಪರಿಮಳ ಕುಂದುತ್ತದೆ, ಕೊನೆಗೆ ವಿನೆಗರಿನ ಹುಳಿ ತಲೆದೋರುತ್ತದೆ. ಕಡಗೋಲನ್ನು ಬಳಸಲೇಬೇಕಾದರೆ ಅದರ ತಲೆ ಸದಾ ರಸದೊಳಗೇ ಮುಳುಗಿರುವಂತೆ ಹಿಡಿದು, ಹಗ್ಗವಿಲ್ಲದೆ ಎರಡು ಅಂಗೈಗಳ ನಡುವೆ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ತಿರುಗಿಸಬೇಕು. ಮಿಕ್ಸಿಯಲ್ಲಿ ತಿರುಗಿಸುವ ಅಭ್ಯಾಸವಂತೂ ಸರ್ವಥಾ ಕೂಡದು.

ಲೋಹಗಳ ವಿಷಯದಲ್ಲಿ ಹಿರಿಯರು ಅನುಸರಿಸುತ್ತಿದ್ದ ನಿಷೇಧಕ್ಕೆ ಶಾಸ್ತ್ರೀಯ ಆಧಾರವಿದೆ. ದ್ರಾಕ್ಷಾರಸ ಆಮ್ಲಗುಣವುಳ್ಳದ್ದು. ಕಲಾಯಿ ಇಲ್ಲದ ಹಿತ್ತಾಳೆ ತಾಮ್ರಗಳನ್ನು ಅದು ಕರಗಿಸಿಕೊಂಡು ಆರೋಗ್ಯಕ್ಕೆ ಹಾನಿ ತರುತ್ತದೆ; ಕಬ್ಬಿಣ ಸಿಪ್ಪೆಯ ಒಗರಿನೊಡನೆ ಕೂಡಿ ರಸವನ್ನು ಕಪ್ಪಾಗಿಸುತ್ತದೆ; ಅಲ್ಯೂಮಿನಿಯಂ ಕೂಡ ಆಮ್ಲಕ್ಕೆ ಸವೆಯುತ್ತದೆ. ‘ಮರದ ಸೌಟೇ ಆಗಬೇಕು’ ಎಂಬ ಹಳೆಯ ನಿಯಮ ಹುಟ್ಟಿದ್ದು ಇಂತಹ ಲೋಹಗಳೇ ಅಡುಗೆಮನೆಯಲ್ಲಿದ್ದ ಕಾಲದಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ೧೯೧೩ರಲ್ಲಿ ರೂಪಿಸಿದ ತುಕ್ಕುರಹಿತ ಉಕ್ಕು, ಅಂದರೆ ನಮ್ಮ ಸ್ಟೇನ್‌ಲೆಸ್ ಸ್ಟೀಲ್, ಈ ನಿಯಮವನ್ನು ಸಡಿಲಿಸಿದೆ. ಅದು ಆಮ್ಲಕ್ಕೆ ಬಗ್ಗುವುದಿಲ್ಲ, ಕುದಿಸಿದರೆ ಸಂಪೂರ್ಣ ಶುದ್ಧವಾಗುತ್ತದೆ, ವಾಸನೆ ಹಿಡಿಯುವುದಿಲ್ಲ. ಉದ್ದ ಹಿಡಿಯ, ಚಪ್ಪಟೆ ತುದಿಯ ಉಕ್ಕಿನ ಸೌಟು ಸೋಸಿದ ರಸಕ್ಕೆ ಎಲ್ಲಕ್ಕಿಂತ ಯೋಗ್ಯವೆಂದು ಹೇಳಬಹುದು. ಗಾಜಿನ ಜಾಡಿಯ ತಳಕ್ಕೆ ಅದನ್ನು ಬಡಿಯದಂತೆ ಮಾತ್ರ ನೋಡಿಕೊಳ್ಳಬೇಕು.

ಇತ್ತೀಚಿನ ವರ್ಷಗಳಲ್ಲಿ ಡ್ರಿಲ್ ಯಂತ್ರದ ತುದಿಗೆ ಸಿಕ್ಕಿಸುವ, ತಿರುಗುವಾಗ ರೆಕ್ಕೆ ಬಿಚ್ಚಿಕೊಳ್ಳುವ ಕಡ್ಡಿಗಳೂ ವಾಯುವನ್ನು ಹೀರಿ ತೆಗೆಯುವ ಪಂಪುಗಳೂ ಮಾರಾಟಕ್ಕೆ ಬಂದಿವೆ. ಇಪ್ಪತ್ತು ಮೂವತ್ತು ಲೀಟರಿನ ದೊಡ್ಡ ಪಾತ್ರೆಗಳಿಗೆ ಇವು ಶ್ರಮ ಉಳಿಸುತ್ತವೆ. ನಾಲ್ಕೈದು ಲೀಟರಿನ ಮನೆಯ ಭರಣಿಗೆ ಇವುಗಳ ಅಗತ್ಯವಿಲ್ಲ. ಯಂತ್ರವನ್ನು ಬಳಸುವವರು ಅತಿ ಕಡಿಮೆ ವೇಗದಲ್ಲಿ, ರಸದ ನಡುವೆ ಸುಳಿ ಬೀಳದಂತೆ, ಆಗಾಗ ದಿಕ್ಕು ಬದಲಿಸುತ್ತ ತಿರುಗಿಸಬೇಕು. ಸುಳಿಯೇ ಗಾಳಿಯನ್ನು ಒಳಗೆಳೆಯುವ ಬಾಯಿ. ಒದ್ದೆ ಕೈಯಿಂದ ವಿದ್ಯುತ್ ಯಂತ್ರವನ್ನು ಮುಟ್ಟಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಾಯು ಬಿಡಿಸುವ ಕ್ರಮ

ಕಲಕುವುದರಲ್ಲಿ ಎರಡು ಘಟ್ಟಗಳಿವೆಯೆಂಬುದನ್ನು ಮೊದಲು ಮನಗಾಣಬೇಕು. ಹುದುಗು ಜೋರಾಗಿರುವ ಮೊದಲ ದಿನಗಳಲ್ಲಿ ಕಲಕುವುದು ಸಿಪ್ಪೆಯನ್ನು ಮುಳುಗಿಸುವುದಕ್ಕಾಗಿ. ಮೇಲೆ ತೇಲಿದ ಸಿಪ್ಪೆ ಒಣಗಿದರೆ ಬೂಷ್ಟು ಹಿಡಿಯುತ್ತದೆ. ಒಳಗೆ ಮುಳುಗಿದರೆ ಬಣ್ಣವನ್ನೂ ರುಚಿಯನ್ನೂ ಬಿಡುತ್ತದೆ. ಆಗ ವಾಯು ತಾನಾಗಿಯೇ ಏಳುತ್ತಿರುತ್ತದೆ. ಭರಣಿಯ ಮೂರನೆಯ ಒಂದು ಭಾಗ ಖಾಲಿಯಿರಬೇಕು. ಬಾಯಿಗೆ ತೆಳುಬಟ್ಟೆ ಕಟ್ಟಬೇಕೇ ವಿನಾ ಬಿಗಿಯಾದ ಮುಚ್ಚಳ ಹಾಕಬಾರದು. ಬೀಜ ಜಜ್ಜಿದರೆ ಕಹಿ ಇಳಿಯುವುದರಿಂದ ಕೋಲನ್ನು ಕುಟ್ಟಾಣಿಯಂತೆ ಬಳಸಬಾರದು. ಈ ವಾಯು ಗಾಳಿಗಿಂತ ಭಾರವಾದುದರಿಂದ ಕಿಟಕಿಯಿಲ್ಲದ ಚಿಕ್ಕ ಕೋಣೆಯಲ್ಲಿ ಅನೇಕ ಭರಣಿಗಳನ್ನಿಡುವುದು ಕ್ಷೇಮಕರವಲ್ಲ.

ಎರಡನೆಯ ಘಟ್ಟ ಹುದುಗು ನಿಂತು, ರಸವನ್ನು ಸೋಸಿದ ಮೇಲೆ. ಗುಳ್ಳೆ ಕಾಣದಿದ್ದರೂ ರಸದೊಳಗೆ ವಾಯು ಕರಗಿ ಉಳಿದಿರುತ್ತದೆ. ನೀರು ೧೦ ಡಿಗ್ರಿ ಶಾಖದಲ್ಲಿ ಲೀಟರಿಗೆ ಸುಮಾರು ೨.೩ ಗ್ರಾಂ, ೨೦ ಡಿಗ್ರಿಯಲ್ಲಿ ಸುಮಾರು ೧.೭ ಗ್ರಾಂ, ೩೦ ಡಿಗ್ರಿಯಲ್ಲಿ ಸುಮಾರು ೧.೩ ಗ್ರಾಂ ಇಂಗಾಲಾಮ್ಲ ವಾಯುವನ್ನು ತನ್ನಲ್ಲಿ ಹಿಡಿದಿಡಬಲ್ಲದು. ದ್ರಾಕ್ಷಾರಸದ ನಡವಳಿಕೆಯೂ ಹೆಚ್ಚುಕಡಿಮೆ ಹಾಗೆಯೇ. ಐದು ಲೀಟರ್ ರಸದೊಳಗೆ ಸುಮಾರು ನಾಲ್ಕೂವರೆ ಲೀಟರ್ ವಾಯು ಅಡಗಿ ಕುಳಿತಿರಬಹುದೆಂದರೆ ಆಶ್ಚರ್ಯವಾದೀತು. ಈ ವಾಯು ನಾಲಿಗೆಗೆ ಚುರುಕು ಮುಟ್ಟಿಸುತ್ತದೆ. ಮೇಲೇರುವ ಸಣ್ಣ ಗುಳ್ಳೆಗಳು ಗಷ್ಟನ್ನು ಕೆಳಕ್ಕಿಳಿಯಗೊಡದೆ ರಸವನ್ನು ಮಸಕಾಗಿಸುತ್ತವೆ. ತಿರುಳಿನ ಲೋಳೆ ಹೆಚ್ಚಾದ ನಮ್ಮ ನೀಲಿ ದ್ರಾಕ್ಷಿಯ ರಸ ಮೊದಲೇ ತಡವಾಗಿ ತಿಳಿಯಾಗುವಂಥದು; ವಾಯುವೂ ಸೇರಿದರೆ ಇನ್ನಷ್ಟು ತಡ.

ಬೆಂಗಳೂರಿನ ಡಿಸೆಂಬರ್ ರಾತ್ರಿಗಳ ತಂಪು ವಾಯುವನ್ನು ರಸದೊಳಗೇ ಹಿಡಿದಿಡುತ್ತದೆ. ಆದ್ದರಿಂದ ಈ ಕೆಲಸಕ್ಕೆ ಮುಂಜಾನೆಗಿಂತ ಮಧ್ಯಾಹ್ನ ಲೇಸು. ರಸ ೨೨ರಿಂದ ೨೪ ಡಿಗ್ರಿಯಷ್ಟು ಬೆಚ್ಚಗಿರಬೇಕು. ಒಲೆಯ ಮೇಲೆ ಕಾಯಿಸಬಾರದು, ಬಿಸಿಲಿಗೂ ಒಡ್ಡಬಾರದು. ಬೆಚ್ಚನೆಯ ಕೋಣೆಯಲ್ಲಿ ಕೆಲವು ಗಂಟೆ ಇಟ್ಟರೆ ಸಾಕು. ಮೊದಲು ಸೌಟನ್ನು ತಳದವರೆಗೆ ಇಳಿಸಿ ನಿಧಾನವಾಗಿ ನಾಲ್ಕಾರು ಸುತ್ತು ತಿರುಗಿಸಬೇಕು. ಪ್ರಾರಂಭದಲ್ಲೇ ಆತುರಪಟ್ಟರೆ ನೊರೆ ಉಕ್ಕಿ ನೆಲದ ಪಾಲಾಗುತ್ತದೆ. ನೊರೆ ಇಳಿದ ಮೇಲೆ ಒಂದೆರಡು ನಿಮಿಷ ಬಲಕ್ಕೂ ಎಡಕ್ಕೂ ಪರ್ಯಾಯವಾಗಿ, ಮೇಲ್ಮೈ ಸಿಡಿಯದಂತೆ ಕಲಕಬೇಕು. ದಿಕ್ಕು ಬದಲಿಸಿದಾಗ ಸುಳಿ ಮುರಿದು, ರಸ ತನ್ನ ಮೇಲೆ ತಾನೇ ಅಪ್ಪಳಿಸಿ ಹೆಚ್ಚು ವಾಯುವನ್ನು ಬಿಡುತ್ತದೆ. ಹೀಗೆ ದಿನಕ್ಕೆ ಮೂರು ನಾಲ್ಕು ಬಾರಿಯಂತೆ ಎರಡು ಮೂರು ದಿನ ನಡೆಸಿ, ಅನಂತರ ಪಾತ್ರೆಯನ್ನು ಅಲುಗಿಸದೆ ಬಿಟ್ಟರೆ ಗಷ್ಟು ತಳಕ್ಕೆ ಕೂರುತ್ತದೆ. ತಿಳಿರಸವನ್ನು ರಬ್ಬರ್ ಕೊಳವೆಯಿಂದ ಬೇರೆ ಪಾತ್ರೆಗೆ ಇಳಿಸಬೇಕು; ಕೊಳವೆಯ ತುದಿ ಕೆಳಗಿನ ಪಾತ್ರೆಯ ತಳದಲ್ಲಿರಲಿ.

ವಾಯು ಹೋಯಿತೇ ಇಲ್ಲವೇ ಎಂಬುದನ್ನು ತಿಳಿಯಲು ಸುಲಭವಾದ ಪರೀಕ್ಷೆಯಿದೆ. ಶುದ್ಧವಾದ ಚಿಕ್ಕ ಸೀಸೆಯೊಂದರಲ್ಲಿ ಅರ್ಧದಷ್ಟು ರಸ ಹಾಕಿ, ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಚೆನ್ನಾಗಿ ಅಲುಗಿಸಿ, ಬೆರಳನ್ನು ತೆಗೆಯಬೇಕು. ‘ಟುಸ್’ ಎಂಬ ಸದ್ದು ಬಂದರೆ ವಾಯು ಇನ್ನೂ ಇದೆ. ಮೌನವಿದ್ದರೆ ಕೆಲಸ ಮುಗಿದಿದೆ.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆ. ವಾಯು ಬಿಡಿಸುವುದು ಬೇರೆ, ಹುದುಗು ಮುಗಿಯುವುದು ಬೇರೆ. ಚೆನ್ನಾಗಿ ಕಲಕಿ ವಾಯು ಬಿಡಿಸಿದ ರಸದಲ್ಲಿ ಮರುದಿನವೋ ಅದರ ಮರುದಿನವೋ ಮತ್ತೆ ಅಷ್ಟೇ ವಾಯು ತುಂಬಿಕೊಂಡರೆ ಯೀಸ್ಟ್ ಇನ್ನೂ ಜೀವಂತವಾಗಿ ಸಕ್ಕರೆ ತಿನ್ನುತ್ತಿದೆಯೆಂದೇ ಅರ್ಥ. ಅಂತಹ ರಸವನ್ನು ಎಷ್ಟು ಕಲಕಿದರೂ ಸೀಸೆಗೆ ಯೋಗ್ಯವಾಗದು. ಮುಚ್ಚಿದ ಸೀಸೆಯೊಳಗೆ ಲೀಟರಿಗೆ ನಾಲ್ಕು ಗ್ರಾಂ ಸಕ್ಕರೆ ಹುದುಗಿದರೆ ಸಾಕು, ಸುಮಾರು ಒಂದು ವಾತಾವರಣದಷ್ಟು ಹೆಚ್ಚಿನ ಒತ್ತಡ ಉಂಟಾಗುತ್ತದೆ. ಶಾಂಪೇನ್ ಸೀಸೆಗಳ ಐದಾರು ವಾತಾವರಣದ ಒತ್ತಡ ಹುಟ್ಟುವುದು ಲೀಟರಿಗೆ ಇಪ್ಪತ್ತನಾಲ್ಕು ಗ್ರಾಂ ಸಕ್ಕರೆಯಿಂದ. ಅದಕ್ಕಾಗಿಯೇ ಆ ಸೀಸೆಗಳನ್ನು ದಪ್ಪ ಗಾಜಿನಿಂದ ಮಾಡುತ್ತಾರೆ. ನಮ್ಮ ಮನೆಯ ಸಿಹಿ ದ್ರಾಕ್ಷಾರಸದಲ್ಲಿ ಉಳಿಯುವ ಸಕ್ಕರೆ ಇದಕ್ಕಿಂತ ಎಷ್ಟೋ ಹೆಚ್ಚು. ತುಂಬುವುದೋ ಶರಬತ್ತಿನ ಹಳೆಯ ಸೀಸೆಗಳಲ್ಲಿ. ಆದ್ದರಿಂದ ಸಂಶಯವಿದ್ದಾಗ ಬಿರಡೆಯನ್ನು ಬಿಗಿಯದೆ ಸಡಿಲವಾಗಿಡುವುದು, ತಂಪು ಪೆಟ್ಟಿಗೆಯಲ್ಲಿರಿಸಿ ಬೇಗ ಬಳಸಿ ಮುಗಿಸುವುದು ವಿವೇಕ.

ಭರಣಿಯೂ ಬಲಿಪೀಠವೂ

ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನೆಗಳ ನೀರನ್ನು ದ್ರಾಕ್ಷಾರಸವಾಗಿಸಿದ ಪ್ರಭುವು ಕೊನೆಯ ಭೋಜನದಲ್ಲಿ ಅದೇ ದ್ರಾಕ್ಷಾರಸವನ್ನು ತಮ್ಮ ರಕ್ತದ ಸಂಸ್ಕಾರವಾಗಿ ನೀಡಿದರು. ಈ ಕಾರಣದಿಂದ ಕಥೋಲಿಕರಿಗೆ ದ್ರಾಕ್ಷಾರಸದ ವಿಷಯದಲ್ಲಿ ವಿಶೇಷ ಗೌರವವಿದೆ. ಆದರೆ ಮನೆಯ ಭರಣಿಯ ರಸವನ್ನೂ ಬಲಿಪೂಜೆಯ ರಸವನ್ನೂ ಬೆರೆಸಿ ನೋ‍ಡಬಾರದು. ೧೯೮೩ರ ಧರ್ಮಸಭೆಯ ಕಾನೂನು ಸಂಹಿತೆಯ ೯೨೪ನೆಯ ವಿಧಿಯ ಪ್ರಕಾರ ಬಲಿಪೂಜೆಯ ದ್ರಾಕ್ಷಾರಸವು ಸ್ವಾಭಾವಿಕವಾದುದು, ದ್ರಾಕ್ಷಿಹಣ್ಣಿನಿಂದಾದುದು, ಕೆಡದಿರುವುದು ಆಗಿರತಕ್ಕದ್ದು. ಗೋಧಿ, ಲವಂಗ, ಸಕ್ಕರೆ ಸೇರಿದ ನಮ್ಮ ಹಬ್ಬದ ಪಾನೀಯ ಎಷ್ಟೇ ರುಚಿಕರವಾಗಿದ್ದರೂ ಬಲಿಪೀಠಕ್ಕೆ ಸಲ್ಲುವುದಿಲ್ಲ. ಅದೇ ರೀತಿ ರಾಜ್ಯದ ಕಾನೂನನ್ನೂ ಮರೆಯಬಾರದು. ೧೯೬೫ರ ಅಬಕಾರಿ ಅಧಿನಿಯಮವು ಪರವಾನಗಿಯಿಲ್ಲದೆ ಮಾದಕ ಪಾನೀಯಗಳನ್ನು ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸುತ್ತದೆ. ಭರಣಿಯಿಡುವವರು ಇದನ್ನು ತಿಳಿದಿರಬೇಕು; ಹಬ್ಬದ ಸಮಯದಲ್ಲಿ ಹಣಕ್ಕೆ ಮಾರುವ ಯೋಚನೆಯಂತೂ ಸಲ್ಲದು.

ಮಿತಿಯ ವಿಷಯವನ್ನೂ ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಸಿರಾಖನ ಗ್ರಂಥದ ೩೧ನೆಯ ಅಧ್ಯಾಯವು ದ್ರಾಕ್ಷಾರಸದಿಂದ ಬರುವ ಸಂತೋಷವನ್ನೂ ಅದರಿಂದಾಗುವ ಅನರ್ಥವನ್ನೂ ಒಂದೇ ಕಡೆ ಹೇಳಿ, ಎರಡರ ನಡುವಣ ಗೆರೆ ಮಿತಿಯೇ ಎಂದು ಬೋಧಿಸುತ್ತದೆ. ಕುಡಿತದಿಂದ ನೊಂದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇಲ್ಲದಿಲ್ಲ. ಅಂತಹ ಮನೆಗಳಲ್ಲಿ ಭರಣಿಯನ್ನು ಇಡದಿರುವುದೇ ಪ್ರೀತಿಯ ಕಾರ್ಯ; ದ್ರಾಕ್ಷಿಯ ಶರಬತ್ತಿನಿಂದ ಕ್ರಿಸ್ತಜಯಂತಿಯ ಸಂಭ್ರಮಕ್ಕೆ ಯಾವ ಕೊರತೆಯೂ ಆಗುವುದಿಲ್ಲ.

ಭರಣಿಯಿಡುವ ಮನೆಗಳಿಗಾದರೋ ಚರಿತ್ರೆ ಕಲಿಸುವ ಪಾಠ ಸರಳವಾದುದು. ಕ್ವೆವ್ರಿಯ ಉದ್ದ ಕೋಲಿನಿಂದ ಇಂದಿನ ಡ್ರಿಲ್ ಯಂತ್ರದವರೆಗೆ ಸಾಧನಗಳು ಎಷ್ಟೋ ಬದಲಾದರೂ ಕೆಲಸ ಬದಲಾಗಿಲ್ಲ: ಒಳಗಿನ ವಾಯುವಿಗೆ ದಾರಿ ಮಾಡಿಕೊಡುವುದು, ಹೊರಗಿನ ಗಾಳಿಯನ್ನು ಒಳಗೆ ಬಿಡದಿರುವುದು, ಕಾಯುವುದು. ಇದಕ್ಕೆ ಬೆಲೆಬಾಳುವ ಉಪಕರಣ ಬೇಕಾಗಿಲ್ಲ. ಶುದ್ಧವಾದ ಒಂದು ಸೌಟು, ಆತುರಪಡದ ಒಂದು ಕೈ ಸಾಕು. ಭರಣಿಯ ಮುಂದೆ ನಿಂತು ದಿನವೂ ತಾಳ್ಮೆಯಿಂದ ಕಲಕುತ್ತಿದ್ದ ನಮ್ಮ ತಾಯಂದಿರ, ಅಜ್ಜಿಯರ ಹೆಸರುಗಳು ಯಾವ ಶಿಲಾಫಲಕದಲ್ಲಿಯೂ ಕೆತ್ತಲ್ಪಟ್ಟಿಲ್ಲ. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಅವರನ್ನೂ ಪ್ರಾರ್ಥನೆಯಲ್ಲಿ ನೆನೆಯೋಣ. ಅವರು ಕಲಿಸಿದ ವಿವೇಕವನ್ನು ಮುಂದಿನ ಪೀಳಿಗೆಗೆ ಕಾರಣಸಹಿತವಾಗಿ ಒಪ್ಪಿಸೋಣ.